ಕಂಬಳಿಯ ಗಂಜಿ

ಆಂಡರ್ಸನ್‌ಪೇಟೆಯ ತನ್ನ ಅಂಗಡಿಯಲ್ಲಿ ಬೈರೇಶ್ ಬಾಟಲಿ ಬಗ್ಗಿಸಿದ. ಅರುಣಕುಮಾರಿ ಅಂಟುವಾಳದ ಕಾಯಿ ಕುದಿಸಿ ಮಾಡಿದ್ದ ಪಾತ್ರೆ ತೊಳೆಯುವ ದ್ರವ ಸರ್ರನೆ ಸುರಿದುಹೋಯಿತು.

"ಜಿಡ್ಡು ಚೆನ್ನಾಗೇ ಬಿಡ್ತದೆ ಅಕ್ಕ. ಆದ್ರೆ ಹಿಂಗೆ ನೀರು ನೀರಾಗಿದ್ರೆ ಗಿರಾಕಿ ಮೂಸಿ ನೋಡಲ್ಲ. ಈ ಪುಡಿ ಒಂದಿಷ್ಟು ಹಾಕಿ, ಕಂಪನಿ ಮಾಲಿನಂಗೆ ಗಟ್ಟಿಯಾಗ್ತದೆ."

"ಚೀಟಿ ಮೇಲೆ ಬರೀ ಗಿಡದ್ದು ಅಂತ ಬರೆದು, ಒಳಗೆ ಕೆಮಿಕಲ್ ತುಂಬ್ಲಾ?"

"ಚೀಟಿ ಯಾರ್ ಓದ್ತಾರೆ? ನಾನೂ ವ್ಯಾಪಾರ ಮಾಡ್ಬೇಕಲ್ಲ. ಗಟ್ಟಿಯಾಗದಿದ್ರೆ ಇನ್ಮೇಲೆ ತರಬೇಡಿ."

ಅವನದೂ ತಪ್ಪೆನ್ನುವ ಹಾಗಿರಲಿಲ್ಲ. ಆದರೂ ಪುಡಿಯ ಪೊಟ್ಟಣವನ್ನು ಅಲ್ಲೇ ಬಿಟ್ಟು ಅವಳು ಕ್ಯಾಸಂಬಳ್ಳಿಯ ಬಸ್ಸು ಹತ್ತಿದಳು.

ಮನೆಯ ಜಗಲಿಯಲ್ಲಿ ಅತ್ತೆ ಮುನಿಗಂಗಮ್ಮ ಹುಣಸೆಹಣ್ಣು ಬಡಿಯುತ್ತಿದ್ದರು. "ಯಾಕ್ ಅರುಣ, ಮೊಕ ಬಾಡೈತೆ?" ಅಂದರು. ಸೊಸೆ ಎಲ್ಲ ಹೇಳಿಕೊಂಡಳು. ಅತ್ತೆ ಒಂದು ಹಿಡಿ ಹುಣಸೆ ಬೀಜ ಎತ್ತಿಕೊಂಡು ದನಿ ತಗ್ಗಿಸಿದರು.

"ಕಂಬಳಿ ನೇಯ್ವಾಗ ನೂಲಿಗೆ ಇದ್ರ ಗಂಜೀನೇ ಬಳೀತಿದ್ವಿ. ಏನ್ ಗಟ್ಟಿ ಅಂತೀಯ! ಮಾಡ್ಕೊಡ್ತೀನಿ, ಆದ್ರೆ ಯಾರ್ಗೂ ಏಳ್ಬ್ಯಾಡ. ಕಂಬಳಿಯೋರು ಅಂತ ಈಗ್ಲೂ ಮೂಗು ಮುರೀತಾರೆ."

ಬೀಜ ಹುರಿದು, ಸಿಪ್ಪೆ ಬಿಡಿಸಿ, ಪುಡಿ ಮಾಡಿದ್ದಾಯಿತು. ಅರುಣಕುಮಾರಿ ಆತುರದಲ್ಲಿ ಅದನ್ನು ಕುದಿಯುವ ದ್ರವಕ್ಕೇ ಸುರಿದಳು. ಎಲ್ಲ ಗಂಟುಗಂಟು!

"ಅಯ್ಯೋ ನಿನ್ನ! ಮುದ್ದೆ ತಿರುವ್ತಿದ್ದೀಯೇನೇ?" ಅತ್ತೆ ಬಿದ್ದು ಬಿದ್ದು ನಕ್ಕರು. ಮತ್ತೆ ಪುಡಿಯನ್ನು ತಣ್ಣೀರಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ ಬೇಯಿಸಿ, ದ್ರವಕ್ಕೆ ಬೆರೆಸಿ ತೋರಿಸಿದರು. ಸೌಟಿನಿಂದ ಅದು ಜೇನಿನ ಹಾಗೆ ನಿಧಾನವಾಗಿ ಇಳಿಯಿತು. ಅರುಣಕುಮಾರಿಗೆ ಹೆಮ್ಮೆಯಿಂದ ಕಣ್ಣು ತುಂಬಿತು. ಇಂಥ ಕೈ ಯಾಕೆ ಬಚ್ಚಿಟ್ಟುಕೊಳ್ಳಬೇಕು?

ಅವಳು ಹೊಸ ಚೀಟಿ ಅಚ್ಚು ಹಾಕಿಸಿ, ಅತ್ತೆಗೆ ತೋರಿಸದೆ ಬಾಟಲಿಗಳಿಗೆ ಅಂಟಿಸಿ, ಅತ್ತೆಯನ್ನೂ ಅಂಗಡಿಗೆ ಕರೆದೊಯ್ದಳು.

ಬೈರೇಶ್ ಬಗ್ಗಿಸಿ ನೋಡಿ ಹುಬ್ಬೇರಿಸಿದ. "ಏನ್ ಹಾಕಿದ್ರಿ?"

"ಚೀಟಿ ಓದಿ."

ಅವನು ಓದಿದ. "ಅಂಟುವಾಳ, ನೀರು, ಉಪ್ಪು, ಹುಣಸೆ ಬೀಜದ ಗಂಜಿ. ಗಂಜಿ ಕಾಯಿಸಿದ್ದು ಕಂಬಳಿ ನೇಯುತ್ತಿದ್ದ ಮುನಿಗಂಗಮ್ಮ. ನೊರೆ ಕಮ್ಮಿ. ಬೇಗ ಬಳಸಿ." ತಲೆಯೆತ್ತಿ, "ನೊರೆ ಕಮ್ಮಿ ಅಂತಾನೂ ಬರೆದ್ರಾ?" ಅಂದ.

"ಇರೋದನ್ನ ಬರೆದಿದೀನಿ."

ಮುನಿಗಂಗಮ್ಮ ಸೆರಗನ್ನು ಮುಖಕ್ಕೆ ಎಳೆದುಕೊಂಡು ಸೊಸೆಯ ಹಿಂದೆ ಸರಿದರು. ಸಾಮಾನಿಗೆ ಬಂದಿದ್ದ ಹೆಂಗಸೊಬ್ಬರು ತಿರುಗಿ, "ಈ ಗಂಜಿ ನೀವು ಮಾಡಿದ್ದಾ ಅಮ್ಮ? ನನಗೊಂದು ಕೊಡಿ," ಎಂದರು.

ಬೈರೇಶ್ ಕಂಪನಿ ಬಾಟಲಿಗಳನ್ನು ಪಕ್ಕಕ್ಕೆ ಸರಿಸಿ, ಇವನ್ನು ಮುಂದಿನ ಸಾಲಿನಲ್ಲಿ ಜೋಡಿಸತೊಡಗಿದ.

ಮುನಿಗಂಗಮ್ಮ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತರು.

"ಇನ್ನೊಂದ್ ಸಲ ಓದಪ್ಪ," ಅಂದರು. "ಜೋರಾಗಿ ಓದು. ರಸ್ತೆಗೂ ಕೇಳ್ಲಿ."