ಮೂರನೇ ಚರಣ

ಬೆಳಗಿನಿಂದ ಅವನ ಹೊಟ್ಟೆಗೆ ಬರೀ ಚಹಾ ಬಿದ್ದಿತ್ತು. ವೇದಿಕೆಯ ಹಲಗೆಯೊಂದು ಲಟಪಟ ಅನ್ನುತ್ತಿತ್ತು, ಜನರೇಟರ್ ಕೆಮ್ಮುತ್ತಿತ್ತು, ಕಲಾವಿದರ ಶೌಚಾಲಯಕ್ಕೆ ನೀರು ಬಂದಿರಲಿಲ್ಲ. ಎಲ್ಲದಕ್ಕೂ ಅವನೇ ಓಡಬೇಕು. ಪ್ರಾಂತ್ಯದ ಸಂಸ್ಕೃತಿ ಉತ್ಸವದ ಸಂಚಾಲಕ ಎಂಬ ಬಿಲ್ಲೆ ಕೊರಳಲ್ಲಿ ನೇತಾಡುತ್ತಿತ್ತು, ನಿಜ. ಆದರೆ ಕೆಲಸ ಗುತ್ತಿಗೆಯದು. ಮುಂದಿನ ವರ್ಷ ಇಟ್ಟುಕೊಳ್ಳುವುದು ಬಿಡುವುದು ನಿರ್ದೇಶಕರ ಮರ್ಜಿ. ಮಳೆ ಬಂದರೆ ಅವನ ತಪ್ಪು, ಚಪ್ಪಾಳೆ ಬಿದ್ದರೆ ನಿರ್ದೇಶಕರ ಹೆಸರು.

ಈ ಸಲ ಅವನದೂ ಒಂದು ಆಸೆಯಿತ್ತು. ಊರಾಚೆಯ ಇಟ್ಟಿಗೆ ಭಟ್ಟಿಯ ಹೆಂಗಸರು ಸಾಲಾಗಿ ನಿಂತು, ಕೈಯಿಂದ ಕೈಗೆ ಇಟ್ಟಿಗೆ ದಾಟಿಸುತ್ತಾ ಹಾಡುವ ಹಾಡನ್ನು ವೇದಿಕೆಗೆ ತರಬೇಕು. ಹಾಡು ಎತ್ತಿಕೊಡುತ್ತಿದ್ದವಳು ಅವನ ಚಿಕ್ಕಮ್ಮ. ಭಟ್ಟಿಯ ಗೋಡೆ ಕುಸಿದು ಅವನ ತಾಯಿ ಸತ್ತ ಮೇಲೆ ಅವನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳೂ ಅವಳೇ.

ಅವಳು ಮೊದಲು ಒಪ್ಪಿರಲಿಲ್ಲ.

"ಕೈ ನೋಯ್ಬಾರ್ದು ಅಂತ ಹಾಡೋದು ಕಣೋ ಅದು. ತೋರ್ಸೋಕಲ್ಲ."

"ವೇದಿಕೆ ಮೇಲೆ ನೀವೇ ಇರ್ತೀರ ಚಿಕ್ಕಮ್ಮ. ನನ್ನಾಣೆ."

ಅಭ್ಯಾಸಕ್ಕೆಂದು ಅವಳ ಕೋಣೆಯಲ್ಲೇ ಕೂತು ಹಾಡನ್ನು ಧ್ವನಿಮುದ್ರಿಸಿಕೊಂಡ. ಮೂರನೇ ಚರಣ ಬಂದಾಗ ಅವಳು ಎದ್ದು ಬಾಗಿಲು ಹಾಕಿ ಬಂದು ಹಾಡಿದಳು. ಅದರಲ್ಲಿ ಅವನ ತಾಯಿಯಿದ್ದಳು.

ಉತ್ಸವದ ದಿನ ಮಧ್ಯಾಹ್ನ ನಿರ್ದೇಶಕರು ಡೇರೆಗೆ ಕರೆಸಿದರು. ಪಕ್ಕದಲ್ಲಿ ಭಟ್ಟಿ ಧಣಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಸ್ವಾಗತ ಸಮಿತಿಯ ಅಧ್ಯಕ್ಷ ಅವನೇ.

"ನಿನ್ ರೆಕಾರ್ಡಿಂಗ್ ಕೇಳಿದ್ವಿ, ಹಾಡು ಚೆನ್ನಾಗಿದೆಯಪ್ಪಾ," ಎಂದರು ನಿರ್ದೇಶಕರು. "ಆದ್ರೆ ಆ ಹೆಂಗಸ್ರು ಬೇಡ. ಟಿವಿಯವರು ಬರ್ತಿದಾರೆ. ನೃತ್ಯಶಾಲೆ ಹುಡುಗೀರು ಥರ್ಮಕೋಲ್ ಇಟ್ಟಿಗೆ ಹಿಡ್ಕೊಂಡು ಕುಣೀತಾರೆ. ಅದನ್ನೇ ಹಾಕಿದ್ರಾಯ್ತು."

"ಸರ್, ಅವರಿಗೆ ಮಾತು ಕೊಟ್ಟಿದೀನಿ."

"ಕೊಟ್ಟವನು ನೀನು. ಇಲಾಖೆ ಅಲ್ಲ."

ಧಣಿ ಮೆತ್ತಗೆ ನಕ್ಕ. "ಮೂರನೇ ಚರಣ ತೆಗೆಸ್ಬಿಡು ಮಗಾ. ಸಂತೋಷದ ದಿನ ಸಾವಿನ ಮಾತ್ಯಾಕೆ? ನಿಮ್ಮಮ್ಮ ಒಳ್ಳೇ ಕೆಲಸಗಾರ್ತಿ. ನಂಗಿನ್ನೂ ನೆನಪಿದೆ."

ಅವನ ಮೈಯೆಲ್ಲಾ ಉರಿದುಹೋಯಿತು. ಆದರೆ ಬಾಯಿಂದ ಬಂದದ್ದು "ಆಯ್ತು ಸರ್" ಮಾತ್ರ. ಧ್ವನಿವರ್ಧಕದವನ ಪಕ್ಕ ಕೂತು, ಎಲ್ಲಿಂದ ಎಲ್ಲಿಗೆ ಕತ್ತರಿಸಬೇಕೆಂದು ತಾನೇ ತೋರಿಸಿಕೊಟ್ಟ.

ಸಂಜೆ ಭಟ್ಟಿಯ ಹೆಂಗಸರು ತಲೆ ಬಾಚಿ, ಒಗೆದ ಬಟ್ಟೆ ಉಟ್ಟು ಬಂದರು. ಪಾಸಿಲ್ಲವೆಂದು ಕಾವಲಿನವರು ಒಳಗೆ ಬಿಡಲಿಲ್ಲ. ಬೇಲಿಯಾಚೆ ನಿಂತುಕೊಂಡೇ ಚಿಕ್ಕಮ್ಮ ಅವನತ್ತ ಕೈಬೀಸಿ, 'ಯಾವಾಗ ಬರೋದು?' ಎಂದು ಸನ್ನೆ ಮಾಡಿದಳು. ಅವನು ಮುಖ ತಿರುಗಿಸಿಕೊಂಡ.

ಹಾಡು ಶುರುವಾಯಿತು. ಚಿಕ್ಕಮ್ಮನ ಕಂಠ ಮೈದಾನದ ತುಂಬಾ ಹರಡಿತು. ಹುಡುಗಿಯರು ನಗುನಗುತ್ತಾ ಇಟ್ಟಿಗೆಗಳನ್ನು ಬೆರಳ ತುದಿಯಲ್ಲಿ ಎಸೆದಾಡಿದರು. ಎರಡನೇ ಚರಣ ಮುಗಿದದ್ದೇ ನಾಲ್ಕನೆಯದು ಬಂತು. ನಡುವೆ ಉಸಿರೆಳೆಯುವಷ್ಟೂ ತೆರಪಿಲ್ಲ. ಅಮ್ಮ ಆ ಹಾಡಿನಲ್ಲಿ ಇದ್ದಳೆಂಬುದಕ್ಕೆ ಗುರುತೇ ಉಳಿದಿರಲಿಲ್ಲ.

ಅವನಿಗೆ ತಡೆಯಲಾಗಲಿಲ್ಲ. ರೆಕಾರ್ಡಿಂಗಿನ ವೈರು ಕಿತ್ತೆಸೆದ. ಕೈಮೈಕು ಹಿಡಿದು ಬೇಲಿಯತ್ತ ಓಡಿದ.

"ಚಿಕ್ಕಮ್ಮ, ಹಾಡು. ಮೂರನೇ ಚರಣ ಹಾಡು!"

ಅವಳು ಮೈಕಿನ ಕಡೆ ನೋಡಲಿಲ್ಲ. "ಯಾರು ತೆಗೆಸಿದ್ದು?"

"ನಾನೇ."

ಮೈಕು ಚಾಲೂ ಇತ್ತು. 'ನಾನೇ' ಎಂಬುದು ಎಂಟೂ ದಿಕ್ಕಿಗೆ ಕೇಳಿಸಿತು.

"ಧಣಿ ಗೋಡೆ ಮತ್ತೆ ಕಟ್ಟಿಸ್ಕೊಂಡ. ನಿಮ್ಮಮ್ಮ ಸತ್ಲು ಅಂತ ಒಬ್ಬನೂ ಕೇಳ್ಲಿಲ್ಲ. ಅವಳು ಉಳ್ಕೊಂಡಿದ್ದೇ ಆ ಹಾಡಲ್ಲಿ. ಅಲ್ಲಿಂದ್ಲೂ ಎಳೆದು ಹಾಕಿದ್ಯಲ್ಲೋ."

ಮುಂದಿನ ಸಾಲಿನಲ್ಲಿ ಧಣಿ ದಡಬಡಿಸಿ ಎದ್ದ. "ಮೈಕ್ ಆಫ್ ಮಾಡ್ರೋ!" ಎಂದು ನಿರ್ದೇಶಕರು ಅರಚಿದರು. ಧ್ವನಿವರ್ಧಕದವನು ಕೈಕಟ್ಟಿ ನಿಂತಿದ್ದ.

"ಇವರೆದುರಿಗೆ ಹಾಡಲ್ಲ," ಎಂದಳು ಚಿಕ್ಕಮ್ಮ. "ನಮ್ ಹಾಡು ನಮ್ ಜೊತೆ ಬರುತ್ತೆ. ನಡೀರೇ."

ಹೆಂಗಸರು ಹೊರಟರು. ಬೀದಿ ತಲುಪಿದ ಮೇಲೆ, ಮೈಕಿಲ್ಲದೆ, ಅವಳ ದನಿ ಎದ್ದಿತು:

ಗೋಡೆ ಕಟ್ಟಿದ ಕೈಯಿ ಗೋಡೆಯಡಿ ಹೋದಾವು
ಧಣಿಯ ಮನೆಗೆ ಬಿರುಕಿಲ್ಲ, ನೋಡೇ ಅಕ್ಕ...

ಮೈದಾನದ ಹಿಂಬದಿಯಲ್ಲಿ ಕುರ್ಚಿಗಳು ಸರಿದ ಸದ್ದಾಯಿತು. ಕಸ ಗುಡಿಸುವವರು ಎದ್ದರು. ಲಾರಿ ಹಮಾಲರು ಎದ್ದರು. ಡೇರೆ ಕಟ್ಟಿದವರು ಹಗ್ಗ ಕೆಳಗಿಟ್ಟು ನಡೆದರು.

ನಿರ್ದೇಶಕರು ಅವನ ಕೊರಳಪಟ್ಟಿ ಹಿಡಿದರು. "ನಾಳೆಯಿಂದ ಇತ್ತ ತಲೆ ಹಾಕ್ಬೇಡ!"

"ಹಾಕಲ್ಲ," ಎಂದು ಕೊಸರಿಕೊಂಡು ಅವನೂ ಹೊರಟ.

ಮುಂದೆ ಹೋಗಲು ಮುಖವಿರಲಿಲ್ಲ. ಮೆರವಣಿಗೆಯ ಬಾಲದಲ್ಲಿ ತಲೆ ತಗ್ಗಿಸಿ ನಡೆದ. ಚಿಕ್ಕಮ್ಮ ತಿರುಗಿ ನೋಡಲಿಲ್ಲ. ಅವನ ಮುಂದೆ ಹೋಗುತ್ತಿದ್ದ ಮುದುಕಿಯೊಬ್ಬಳು ಮಾತ್ರ ನಿಂತು ಅವನನ್ನೇ ದಿಟ್ಟಿಸಿದಳು.

"ಸುಮ್ನೆ ನಡೆದ್ರೆ ಏನು ಬಂತು?" ಎಂದಳು. "ಹಾಡಲ್ಲಿರೋಳು ನಿಮ್ಮಮ್ಮ ಕಣೋ. ಬಾಯಿ ಬಿಟ್ಟು ಹಾಡು."