ಕರಿಯಕ್ಕನ ಮೊಳಕೆ ಬಟ್ಟೆ

ಈರಕ್ಕನ ಅಡುಗೆಮನೆಗೆ ಕಿಟಕಿ ಇಲ್ಲ. ಚನ್ನರಾಯನದುರ್ಗದ ಬೆಟ್ಟದ ನೆರಳು ಆ ಹಟ್ಟಿಯ ಮೇಲೆ ಬೇಗ ಬೀಳುತ್ತದೆ. ಹೊರಗೆ ಇನ್ನೂ ಬಿಸಿಲಿರುವಾಗಲೇ ಒಳಗೆ ಕತ್ತಲು. ಆ ಕತ್ತಲಲ್ಲಿ ತೊಲೆಯಿಂದ ಒಂದು ಗಂಟು ನೇತಾಡುತ್ತಿತ್ತು. ನೆನೆಸಿದ ಹುರುಳಿಯನ್ನು ಮೊಳಕೆಗೆ ಕಟ್ಟಿದ ಗಂಟು. ಅದರಿಂದ ನೀರು ಒಲೆಯ ಪಕ್ಕದ ನೆಲಕ್ಕೆ ತೊಟ್ಟಿಕ್ಕುತ್ತಿತ್ತು. ನಮ್ಮೆಲ್ಲರ ಮನೆಯಲ್ಲೂ ಇಂಥದೊಂದು ಗಂಟು ಇರುತ್ತದೆ, ಅದಕ್ಕೆ ಯಾರೂ ಹೆದರುವುದಿಲ್ಲ. ಈರಕ್ಕ ಹೆದರಲು ಶುರುಮಾಡಿದ್ದಳು.

ಆ ಬಟ್ಟೆ ಅವಳ ಅತ್ತೆ ಕರಿಯಕ್ಕನ ಹಳೆಯ ಕೆಂಪು ಸೀರೆಯ ತುಂಡು. ಕರಿಯಕ್ಕ ಕಟ್ಟಿದ ಕಾಳು ಒಂದೂ ಬಿಡದೆ ಮೊಳೆಯುತ್ತಿತ್ತು, ಕೆಟ್ಟ ವಾಸನೆ ಬಂದದ್ದೇ ಇಲ್ಲ. ಅವಳ ಕೈಗುಣ ಅಂಥದು ಎಂದು ಹಟ್ಟಿಯವರೆಲ್ಲ ಹೇಳುತ್ತಿದ್ದರು. ಬದುಕಿರುವ ತನಕ ಆ ಬಟ್ಟೆಯನ್ನು ಸೊಸೆಯ ಕೈಗೆ ಕೊಟ್ಟವಳಲ್ಲ. ಎಂಬತ್ತಮೂರನೆಯ ಇಸವಿಯ ಯುಗಾದಿ ಕಳೆದ ಮೇಲೆ ಮುದುಕಿ ತೀರಿಕೊಂಡಳು, ಬಟ್ಟೆ ಈರಕ್ಕನ ಪಾಲಿಗೆ ಬಂತು. ಅದರಲ್ಲಿ ಅತ್ತೆಯ ಕೈ ಇನ್ನೂ ಇದೆ, ಒಗೆದರೆ ಕೈಗುಣ ಹೊರಟುಹೋಗುತ್ತದೆ ಎಂದುಕೊಂಡು ಅವಳು ಅದನ್ನು ಒಗೆಯಲೇ ಇಲ್ಲ. ಕಾಳು ಬಿಚ್ಚಿಕೊಂಡು, ಕೊಡವಿ, ಒದ್ದೆಯಾಗಿಯೇ ಗೂಟಕ್ಕೆ ಸಿಕ್ಕಿಸುತ್ತಿದ್ದಳು. ಬಿಚ್ಚಿದ ಕಾಳನ್ನು ಗಂಡಹೆಂಡತಿ ಒಂದೊಂದು ಹಿಡಿ ಹಸಿಯಾಗಿಯೇ ಬಾಯಿಗೆ ಹಾಕಿಕೊಳ್ಳುತ್ತಿದ್ದರು.

ಮಳೆ ಹಿಡಿದ ಮೇಲೆ ವಿಚಿತ್ರ ಶುರುವಾಯಿತು. ಗಂಟು ಕಟ್ಟಿದ ವಾರಗಳಲ್ಲೆಲ್ಲ ಮನೆಯಲ್ಲಿ ಯಾರಾದರೊಬ್ಬರು ಮಲಗುತ್ತಿದ್ದರು. ಮೊದಲು ಗಂಡ ನರಸಪ್ಪ; ಕುರಿ ಹೊಡೆದುಕೊಂಡು ಹೋದವನು ಹೊಟ್ಟೆ ಹಿಡಿದುಕೊಂಡು ವಾಪಸು ಬಂದ. ಆಮೇಲೆ ಈರಕ್ಕನೇ. ಗಂಟು ಕಟ್ಟದ ವಾರ ಇಬ್ಬರೂ ಸುಖವಾಗಿರುತ್ತಿದ್ದರು. ಮನೆಯೊಳಗೆ ಒಂದು ವಾಸನೆಯೂ ಸೇರಿಕೊಂಡಿತು, ಹುಳಿಹುಳಿಯಾದ, ಪಾಳುಬಾವಿಯೊಳಗಿನಂಥ ವಾಸನೆ.

ಒಂದು ಸಂಜೆ ಮೊಳಕೆ ಎಷ್ಟು ಬಂದಿದೆ ನೋಡೋಣವೆಂದು ಈರಕ್ಕ ಗಂಟಿನ ಮೇಲೆ ಕೈ ಇಟ್ಟಳು. ಬೆಚ್ಚಗಿತ್ತು. ಒಲೆ ಹಚ್ಚಿರಲಿಲ್ಲ, ನೆಲ ತಣ್ಣಗೆ ಕೊರೆಯುತ್ತಿತ್ತು. ಗಂಟು ಮಾತ್ರ ಜ್ವರ ಬಂದವರ ಅಂಗೈಯ ಹಾಗೆ ಬೆಚ್ಚಗೆ, ಜಿಗುಟಾಗಿ ಅವಳ ಕೈಯನ್ನು ಹಿಡಿದುಕೊಂಡಿತು. ಕರಿಯಕ್ಕನ ಕೈ ಕೊನೆಯ ದಿನ ಹೀಗೆಯೇ ಇತ್ತು.

ಪಕ್ಕದ ಮನೆಯ ಭೀಮಕ್ಕನನ್ನು ಕರೆದಳು. ಭೀಮಕ್ಕ ಒಳಗೆ ಬರಲಿಲ್ಲ. ಹೊಸಿಲಿನ ಆಚೆಯೇ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

"ನಿಮ್ಮತ್ತೆ ಎಲ್ಲೂ ಹೋಗಿಲ್ಲ ಕಣಮ್ಮ. ಆ ಬಟ್ಟೇಲೇ ಕುಂತವಳೆ. ಏನೋ ಆಸೆ ಉಳ್ಕಂಡದೆ."

ಎಡೆ ಇಡಬೇಕು, ಆದರೆ ಅದಕ್ಕೆ ಬೆಂಕಿ ತಾಕಬಾರದು ಎಂದಳು ಭೀಮಕ್ಕ. ಅದರಂತೆ ಈರಕ್ಕ ಹಸಿ ಮೊಳಕೆಗೆ ಬೆಲ್ಲ, ಕಾಯಿತುರಿ ಕಲಸಿ ಗಂಟಿನ ಕೆಳಗೆ ಇಟ್ಟಳು. ಪ್ರಸಾದವೆಂದು ಗಂಡಹೆಂಡತಿ ತಿಂದರು. ಕಾಯಿಲೆ ಹೆಚ್ಚಾಯಿತು. ಮುದುಕಿಗೆ ಇನ್ನೂ ತೃಪ್ತಿಯಾಗಿಲ್ಲ ಎಂದು ಮತ್ತೆ ಎಡೆ ಇಟ್ಟರು. ಮತ್ತೆ ತಿಂದರು.

ಇಂಥ ಹೊತ್ತಿನಲ್ಲಿ ಮಗಳು ಕೆಂಚಮ್ಮ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಅಜ್ಜಿಯ ಆಶೀರ್ವಾದ ಮಗುವಿಗೂ ಸೇರಲಿ ಎಂದು ಈರಕ್ಕ ಎಡೆಯಿಂದ ಒಂದು ಹಿಡಿ ಹೆಚ್ಚಿಗೇ ಕೊಟ್ಟಳು. ಆ ವಾರವೇ ಕೆಂಚಮ್ಮನಿಗೆ ಜ್ವರ, ಭೇದಿ. ಕಣ್ಣು ಗುಳಿಬಿದ್ದು, ತುಟಿ ಒಣಗಿ, ಗೋಡೆಯ ಕಡೆ ತಿರುಗಿ ಮಲಗಿದಳು.

"ಅವ್ವಾ, ಬೆಳಗಿಂದ ಕೂಸು ಒದೀತಿಲ್ಲ," ಎಂದಳು.

ಗಂಟಿನಿಂದ ಹನಿ ಬೀಳುತ್ತಲೇ ಇತ್ತು. ಅತ್ತೆ ಯಾರನ್ನು ಕರೆದುಕೊಂಡು ಹೋಗಲು ಬಂದಿದ್ದಾಳೆಂದು ಈರಕ್ಕನಿಗೆ ತಿಳಿದುಹೋಯಿತು. ಗಂಟಿನ ಮುಂದೆ ನಿಂತು ಕೈಮುಗಿದಳು.

"ಬೇಕಾದ್ರೆ ನನ್ನ ಕರ್ಕಂಡೋಗು ಅತ್ತೆಮ್ಮ. ಆ ಕೂಸ್ನ ಬುಟ್ಬುಡು."

"ಯಾರ ಹತ್ರ ಮಾತಾಡ್ತಿದೀಯ ಈರಕ್ಕ?"

ಬಾಗಿಲಲ್ಲಿ ಆರೋಗ್ಯ ಕೇಂದ್ರದ ನರ್ಸು ಜಗದಾಂಬ ನಿಂತಿದ್ದರು. ಬಸುರಿಯರನ್ನು ನೋಡಲು ಹಟ್ಟಿಗೆ ಬಂದವರು. ಕೆಂಚಮ್ಮನ ಹೊಟ್ಟೆಗೆ ಕಿವಿ ಕೊಟ್ಟು ಕೇಳಿದರು. ಮಗುವಿನ ಎದೆ ಹೊಡೆದುಕೊಳ್ಳುತ್ತಿತ್ತು, ಆದರೆ ತಡಮಾಡುವಂತಿರಲಿಲ್ಲ. ಕುದಿಸಿ ಆರಿಸಿದ ನೀರಿಗೆ ಸಕ್ಕರೆ, ಚಿಟಿಕೆ ಉಪ್ಪು ಹಾಕಿ ಗುಟುಕು ಗುಟುಕಾಗಿ ಕುಡಿಸುತ್ತ, ನರಸಪ್ಪನಿಗೆ ಗಾಡಿ ಕಟ್ಟಲು ಹೇಳಿದರು. ಏನೇನು ತಿಂದಳೆಂದು ವಿಚಾರಿಸಿದಾಗ ಎಡೆಯ ಮಾತು ಬಂತು. ಜಗದಾಂಬ ಎದ್ದುಹೋಗಿ ಗಂಟಿನ ಮೇಲೆ ಕೈ ಇಟ್ಟರು. ಅವರು ಕೈ ಹಿಂದೆಳೆದುಕೊಳ್ಳುತ್ತಾರೆಂದು ಈರಕ್ಕ ಕಾದಳು. ಅವರು ಅಂಗೈಯನ್ನು ಮೂಸಿ ನೋಡಿದರು, ಅಷ್ಟೆ.

ಕೊರಟಗೆರೆ ಆಸ್ಪತ್ರೆಯಲ್ಲಿ ಕೆಂಚಮ್ಮನಿಗೆ ಗ್ಲೂಕೋಸು ಏರಿಸಿದರು, ಔಷಧ ಕೊಟ್ಟರು. ಮಗು ಮತ್ತೆ ಒದೆಯಿತು.

ಕಥೆ ಇಲ್ಲಿಗೇ ಮುಗಿಯಬೇಕಿತ್ತು. ಆದರೆ ಮಗಳು ಮನೆಗೆ ಬಂದ ಮೇಲೆ ಜಗದಾಂಬ ನೋಡಲು ಹೋದರೆ, ತೊಲೆಯಲ್ಲಿ ಅದೇ ಬಟ್ಟೆ, ಹೊಸ ಗಂಟು. ಅತ್ತೆ ತನ್ನ ಮಾತು ಕೇಳಿ ಕೂಸನ್ನು ಬಿಟ್ಟುಕೊಟ್ಟಳು, ಅದಕ್ಕೇ ಇನ್ನೊಂದು ಎಡೆ ಎಂದಳು ಈರಕ್ಕ. ಅತ್ತೆಯ ಕೈಗುಣ ಹೋಗದಿರಲೆಂದು ಬಟ್ಟೆಯನ್ನು ಒಗೆದೇ ಇಲ್ಲ ಎಂದೂ ಹೇಳಿದಳು. ಕೆಂಚಮ್ಮನಿಗೂ ಒಂದು ಹಿಡಿ ಎತ್ತಿಡುವವಳಿದ್ದಳು.

ಜಗದಾಂಬ ಬೈಯಲಿಲ್ಲ, ಗಂಟಿನ ಕೆಳಗೇ ಕುಳಿತರು. "ಬಿಸಿ ಇರೋದು ನಿಜ ಕಣಮ್ಮ. ಮೊಳೆಯೋ ಕಾಳು ಉಸಿರಾಡುತ್ತೆ, ಬಿಸಿ ಆಗುತ್ತೆ. ಆ ಬಿಸಿ, ಆ ಒದ್ದೆ, ಕಣ್ಣಿಗೆ ಕಾಣದ ಕ್ರಿಮಿಗೂ ಬಲು ಇಷ್ಟ. ಈ ಹುರುಳಿ ಎತ್ತು ತುಳಿದ ಕಣದಿಂದ ಬಂದದ್ದಲ್ವ? ಸಗಣಿ, ಗಂಜಲ, ಇಲಿ ಹಿಕ್ಕೆ ಎಲ್ಲ ತಾಕಿರುತ್ತೆ. ಕಾಳಿನ ಜೊತೆ ಅದೂ ಬೆಳೆಯುತ್ತೆ. ಒಗೆಯದ ಬಟ್ಟೇಲಿ ಹೋದ ವಾರದ್ದೂ ಕಾದು ಕೂತಿರುತ್ತೆ."

"ಅಂಗಾದ್ರೆ ನಮ್ಮತ್ತೆ ಇದ್ದಾಗ ಯಾಕೆ ಏನೂ ಆಗ್ಲಿಲ್ಲ? ಅದೇ ಕಾಳು, ಅದೇ ಬಟ್ಟೆ."

ಅದು ತನಗೂ ತಿಳಿಯದು ಎಂದರು ಜಗದಾಂಬ. ಜಗಲಿಯ ಮೇಲೆ ಉಣ್ಣೆ ನೂಲುತ್ತ ಕುಳಿತಿದ್ದ ನರಸಪ್ಪ ಕದಿರು ನಿಲ್ಲಿಸಿದ.

"ಅವ್ವ ಆ ಬಟ್ಟೆನ ಕುದಿಸ್ತಿದ್ಲು. ನೀನು ಹೊತ್ತಾರೆ ಕುರಿ ರೊಪ್ಪ ಗುಡ್ಸಕ್ಕೆ ಹೋಗ್ತಿದ್ದೆ, ಅಷ್ಟೊತ್ಗೆ ಹಂಡೆ ನೀರು ಮಳ್ಳೋದು. ಅದ್ರಲ್ಲಿ ಬಟ್ಟೆ ಹಾಕಿ ಕುದ್ಸಿ, ಬಂಡೆ ಮ್ಯಾಲೆ ಬಿಸ್ಲಿಗೆ ಹರವೋಳು. ಹಸಿ ಕಾಳು ನಂಗೂ ಕೊಡ್ತಿರ್ಲಿಲ್ಲ. ಕೈ ಹಾಕಿದ್ರೆ ಸೌಟಲ್ಲೇ ಏಟು ಬೀಳೋದು."

"ಇಷ್ಟು ದಿನ ಬಾಯಲ್ಲಿ ಏನ್ ಇಟ್ಕಂಡಿದ್ದೆ?" ಎಂದಳು ಈರಕ್ಕ.

"ನೀವು ಕೈಗುಣ ಕೈಗುಣ ಅಂತಿದ್ರಿ. ಅದು ಬಟ್ಟೆ ಒಗೆಯೋದು ಅಂತ ನಂಗೇನ್ ಗೊತ್ತು?"

ಈರಕ್ಕ ಎದ್ದು ಒಲೆ ಹಚ್ಚಿ ನೀರಿಟ್ಟಳು. ಆಮೇಲೆ ಗಂಟು ಇಳಿಸಿ, ಕಾಳನ್ನು ತಿಪ್ಪೆಯಲ್ಲಿ ಹೂತು, ಬಟ್ಟೆಯನ್ನು ಕುದಿಯುವ ನೀರಿಗೆ ಹಾಕಿದಳು. ನೀರು ಕದಡಿತು. ಮೇಲೆ ಬೂದು ಬಣ್ಣದ ಕೆನೆ ತೇಲಿ ಬಂತು. ಪಾಳುಬಾವಿಯ ಆ ವಾಸನೆ ಹಬೆಯೊಂದಿಗೆ ಎದ್ದು, ಅಡುಗೆಮನೆ ತುಂಬಿ, ಬಾಗಿಲು ದಾಟಿ ಹೊರಗೆ ಹೋಯಿತು. ತನ್ನ ಅಂಗಳದಲ್ಲಿ ಕುಳಿತಿದ್ದ ಭೀಮಕ್ಕ ಎದ್ದು ಒಳಗೆ ಹೋಗಿ ಕದ ಹಾಕಿಕೊಂಡಳು. ಆ ವಾಸನೆ ಆ ಮನೆಗೆ ಮತ್ತೆ ಬರಲಿಲ್ಲ.

ಕೆಂಚಮ್ಮನಿಗೆ ಹೆಣ್ಣುಮಗು ಹುಟ್ಟಿತು. ಕರಿಯಕ್ಕನ ಹೆಸರನ್ನೇ ಇಟ್ಟರು. ಈಗಲೂ ಈರಕ್ಕ ಮೊಳಕೆ ಕಟ್ಟುತ್ತಾಳೆ. ಸಂಜೆ ಕೈ ಇಟ್ಟರೆ ಗಂಟು ಬೆಚ್ಚಗೇ ಇರುತ್ತದೆ, ಅವಳ ಮೈ ಒಮ್ಮೆ ಜುಮ್ಮೆನ್ನುತ್ತದೆ. ಕಾಳನ್ನು ನೇರ ಸಾರಿನ ಪಾತ್ರೆಗೆ ಸುರಿದು, ಚೆನ್ನಾಗಿ ಬೇಯಿಸಿ ಇಳಿಸುತ್ತಾಳೆ.

ಓದುತ್ತಿರುವ ಅಕ್ಕ, ತಂಗಿ, ನಿಮ್ಮ ಮನೆಯ ತೊಲೆಯಲ್ಲೂ ಇವತ್ತು ಒಂದು ಗಂಟು ಇರಬಹುದು. ಕೈಯನ್ನು ಸೋಪು ಹಚ್ಚಿ ತೊಳೆದುಕೊಂಡು ಕಾಳು ಮುಟ್ಟಿ. ಒಡೆದದ್ದು, ಹುಳ ಹಿಡಿದದ್ದು ಆರಿಸಿ ತೆಗೆದು, ನೀರು ತಿಳಿಯಾಗುವ ತನಕ ತೊಳೆಯಿರಿ. ಕುದಿಸಿ ಆರಿಸಿದ ನೀರಲ್ಲೇ ನೆನೆಹಾಕಿ, ಬೆಳಿಗ್ಗೆ ಸಂಜೆ ಅಂಥ ನೀರಲ್ಲೇ ಜಾಲಿಸಿ. ಪ್ರತಿ ಸಲವೂ ಬಟ್ಟೆ ಕುದಿಸಿ ಬಿಸಿಲಿಗೆ ಹಾಕಿ. ಮೊಳಕೆ ಲೋಳೆಯಾದರೆ, ವಾಸನೆ ಬಂದರೆ, ಮರುಕಪಡದೆ ಚೆಲ್ಲಿಬಿಡಿ. ಇಷ್ಟೆಲ್ಲ ಮಾಡಿದರೂ ಕ್ರಿಮಿ ಕಾಳಿನ ಒಳಗೇ ಉಳಿದಿರಬಹುದು, ಅದು ನೀರಿಗೆ ಹೋಗುವುದಿಲ್ಲ, ಬೆಂಕಿಗೆ ಸಾಯುತ್ತದೆ. ಹಾಗಾಗಿ ಬಸುರಿಗೆ, ಹಸುಗೂಸಿಗೆ, ಮುದುಕರಿಗೆ, ಕಾಯಿಲೆಯವರಿಗೆ ಹಸಿ ಮೊಳಕೆ ಕೊಡಲೇಬೇಡಿ. ಎಲ್ಲರೂ ಬೇಯಿಸಿ ತಿಂದರೆ ಇನ್ನೂ ಒಳ್ಳೆಯದು.

ಸಂಜೆ ಗಂಟಿನ ಮೇಲೆ ಒಮ್ಮೆ ಕೈ ಇಟ್ಟು ನೋಡಿ. ಬೆಚ್ಚಗಿರುತ್ತದೆ. ಅಲ್ಲಿ ಇರುವುದು ನಿಮ್ಮ ಹಿರಿಯರಲ್ಲ. ಒಲೆ ಹಚ್ಚಿ.