ದಿನಕ್ಕೆ ಮೂರು ಒಳ್ಳೆಯ ಸಂಗತಿ

ತಂಗಿ ಗಿಣಿಯ ಬಿಳಿ ಕೋಟನ್ನು ಮೇಜಿನ ಮೇಲೆ ಹರಡಿ, ನೀರು ಚಿಮುಕಿಸಿ, ಇಸ್ತ್ರಿ ಎಳೆದೆ. ಮೊದಲು ಕಾಲರ್, ಆಮೇಲೆ ತೋಳು, ಕೊನೆಗೆ ಬೆನ್ನು. ಲಾಂಡ್ರಿಯಲ್ಲಿ ದಿನಕ್ಕೆ ನೂರು ಬಟ್ಟೆ ಉಜ್ಜುವವಳಿಗೆ ಕೈ ತಾನಾಗಿ ಓಡುತ್ತದೆ. ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದ್ದ ಅವಳು ಮಿಸುಕಲಿಲ್ಲ.

ಕೋಟಿನಲ್ಲಿ ಒಂದು ಕಲೆಯೂ ಇರಲಿಲ್ಲ. ನರ್ಸಿಂಗ್ ಓದುವ ಹುಡುಗಿಯ ಕೋಟು ವಾರದ ಕೊನೆಗೆ ಹೀಗಿರುವುದಿಲ್ಲ. ಮೊದಲೆಲ್ಲ ಜೇಬಿನ ಅಂಚಿನಲ್ಲಿ ಶಾಯಿ, ತೋಳಿನ ತುದಿಯಲ್ಲಿ ಕಂದು ಔಷಧಿ ಅಂಟಿರುತ್ತಿತ್ತು. ಮೂರು ವಾರದಿಂದ ನಾನು ಒಗೆದುಕೊಟ್ಟ ಕೋಟು ಒಗೆದ ಹಾಗೇ ವಾಪಸು ಬರುತ್ತಿತ್ತು. ಕಂಡೂ ಕಾಣದ ಹಾಗಿದ್ದೆ.

ಅವಳಿಗೆ ಗಿಣಿ ಎಂದು ಅಮ್ಮ ಹೆಸರಿಟ್ಟದ್ದು, ಅವಳ ಬಾಯಿ ನಿಲ್ಲುತ್ತಲೇ ಇರಲಿಲ್ಲವೆಂದು. ಮೊದಲ ಪರೀಕ್ಷೆಯಲ್ಲಿ ಮೂರು ವಿಷಯ ಹೋದ ಮೇಲೆ ಆ ಬಾಯಿಗೆ ಬೀಗ ಬಿತ್ತು. ಅದೇ ಹೊತ್ತಿಗೆ ಕಾಲೇಜಿನ ಆಪ್ತಸಲಹೆಯ ಮೇಡಂ ಫೋನಿನಲ್ಲಿ ಒಂದು ಗ್ರೂಪ್ ಮಾಡಿದರು. ಅರವತ್ತು ವಿದ್ಯಾರ್ಥಿಗಳು. ಸಂಜೆ ಎಂಟರೊಳಗೆ ಪ್ರತಿಯೊಬ್ಬರೂ ಆ ದಿನ ನಡೆದ ಮೂರು ಒಳ್ಳೆಯ ಸಂಗತಿ ಬರೆಯಬೇಕು. ಉಳಿದವರು ಓದಿ ಹೃದಯದ ಗುರುತು ಒತ್ತುತ್ತಾರೆ. ಮೂರು ದಿನ ಯಾರಾದರೂ ಬರೆಯದಿದ್ದರೆ ಮೇಡಂ ತಾವೇ ಫೋನ್ ಮಾಡಿ ವಿಚಾರಿಸುತ್ತಾರೆ.

"ನೀನೇ ಏನಾದ್ರೂ ಬರಿ ಅಕ್ಕ," ಎಂದು ಗಿಣಿ ಫೋನನ್ನು ನನ್ನ ಮಡಿಲಿಗೆ ಹಾಕಿದ್ದಳು. "ನಂಗೆ ಮೂರಲ್ಲ, ಒಂದೂ ಸಿಗಲ್ಲ. ನಿಂಗೆ ಮೈಯೆಲ್ಲ ಕಣ್ಣು."

"ನಾನು ಎಂಟನೇ ಕ್ಲಾಸಿಗೇ ಬಿಟ್ಟೋಳು ಕಣೆ."

"ಅಲ್ಲಿ ಕಾಗುಣಿತಕ್ಕೆ ಮಾರ್ಕ್ಸ್ ಇಲ್ಲ. ಇಲ್ದಿದ್ರೆ ಆಯಮ್ಮ ಫೋನ್ ಮಾಡಿ ತಲೆ ತಿಂತಾರೆ."

ಬರೆದೆ. ಗಿಣಿ ಹಿಂದೆ ಹೇಳಿದ್ದ ಕೋಣೆಗಳ ಗುರುತು ಹಿಡಿದು, ನನಗೆ ಲಾಂಡ್ರಿಯಲ್ಲಿ ಕಂಡದ್ದನ್ನೆಲ್ಲ ಕಾಲೇಜಿನೊಳಗೆ ತಂದಿಟ್ಟೆ. ಲಾಂಡ್ರಿಯ ಒಡತಿ ತನ್ನ ಫ್ಯಾನನ್ನು ನನ್ನ ಕಡೆ ತಿರುಗಿಸಿದ್ದು, ಬರಹದಲ್ಲಿ ಹಿಂದಿನ ಬೆಂಚಿನ ಗೆಳತಿ ನನಗಾಗಿ ಕಿಟಕಿ ತೆರೆದದ್ದಾಯಿತು. ಮೊದಲ ದಿನ ನಾಲ್ಕು ಹೃದಯ ಬಂದವು. ಎರಡನೇ ವಾರಕ್ಕೆ ನಲವತ್ತು. ಗಿರಾಕಿಗಳ ಮುಂದೆ ತಲೆಯೆತ್ತದ ನನ್ನ ಮಾತನ್ನು ಅಷ್ಟು ಜನ ಓದುತ್ತಿದ್ದರು. ಬಟ್ಟೆ ಉಜ್ಜುತ್ತ ಸಂಜೆಗೇನು ಬರೆಯಲಿ ಎಂದು ಹುಡುಕುತ್ತಿದ್ದೆ. ಖುಷಿಯಾಗುತ್ತಿತ್ತು. ಅದಕ್ಕೇ ಕೋಟಿನ ವಿಷಯ ಎತ್ತಲಿಲ್ಲ. ನಾನು ಬರೆದಷ್ಟು ದಿನ ಮೇಡಂ ಫೋನ್ ಮಾಡಲಿಲ್ಲ.

ಈ ಬೆಳಿಗ್ಗೆ ಗಿಣಿ ತನ್ನ ವಾಚು ಬಿಚ್ಚಿ ನನ್ನ ಕೈಗೆ ಕಟ್ಟಿದ್ದಳು. "ನೀನೇ ಇಟ್ಕೋ. ಇನ್ಮೇಲೆ ಬರಿಯೋದೂ ಬೇಡ ಬಿಡು," ಎಂದಿದ್ದಳು. ದನಿಯಲ್ಲಿ ಕೋಪವಿರಲಿಲ್ಲ, ಅಳುವೂ ಇರಲಿಲ್ಲ. ಕೆಲಸಕ್ಕೆ ಹೋಗದೆ, ಅವಳು ಕಣ್ಣಳತೆಯಲ್ಲಿರಲಿ ಎಂದು ಇಸ್ತ್ರಿಯ ನೆಪ ಹಿಡಿದು ನಿಂತಿದ್ದೆ.

ಮೇಜಿನ ತುದಿಯಲ್ಲಿದ್ದ ಅವಳ ಫೋನ್ ಬಡಿದುಕೊಂಡಿತು. ಮೇಡಂ ಹೆಸರು.

"ಎತ್ಬೇಡ," ಎಂದಳು ಗಿಣಿ, ಗೋಡೆಗೇ.

ನಿಂತಿತು. ಮತ್ತೆ ಬಡಿಯಿತು. ಮೂರನೇ ಸಲಕ್ಕೆ ಅಮ್ಮ ಬಾಗಿಲಲ್ಲಿದ್ದಳು, ಆಸ್ಪತ್ರೆಯ ಅಡುಗೆಮನೆಯ ಬೆಳಗಿನ ಪಾಳಿ ಮುಗಿಸಿ.

"ಇಬ್ಬಿಬ್ರು ಇದೀರಾ, ಒಬ್ಬರಿಗೂ ಕಿವಿ ಇಲ್ವಾ?" ಎನ್ನುತ್ತ ಫೋನ್ ಎತ್ತಿ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ಸ್ಪೀಕರ್ ಒತ್ತಿ, "ಹಲೋ, ಅವಳ ಅಮ್ಮ ನಾನು," ಎಂದಳು.

"ನಿಮ್ಮ ಮಗಳು ಬರೆಯೋದು ಓದಿದ್ರೆ ಮನಸ್ಸು ಹಗುರ ಆಗುತ್ತೆ," ಎಂದರು ಮೇಡಂ. "ಎಲ್ಲರ ಮುಂದೆ ಓದಿಸೋಣ ಅಂತಿದ್ದೆ."

ಅಮ್ಮನ ಮುಖ ಅರಳಿತು. "ಚಿಕ್ಕೋಳಿದ್ದಾಗ್ಲೂ ಹಾಗೇ ಮೇಡಂ. ನಿದ್ದೇಲೂ ಮಾತಾಡೋಳು."

"ಆದ್ರೆ ಒಂದು ಅರ್ಥ ಆಗ್ಲಿಲ್ಲಮ್ಮ. ನಿನ್ನೆ ಎರಡನೇ ಮಹಡಿ ಲ್ಯಾಬಿನ ಕಿಟಕಿ ಬಗ್ಗೆ ಬರೆದಿದ್ದಾಳೆ. ಆ ಲ್ಯಾಬು ರಿಪೇರಿಗೆ ಅಂತ ಮುಚ್ಚಿ ಮೂರು ವಾರ ಆಯ್ತು. ಅದಕ್ಕೆ ಹಾಜರಿ ತೆಗೆಸಿ ನೋಡ್ದೆ." ದನಿ ತಗ್ಗಿತು. "ಫೋನ್ ಅವಳಿಗೇ ಕೊಡ್ತೀರಾ? ಸ್ಪೀಕರ್ ಬೇಡ."

ಅಮ್ಮನ ನಗು ಮುಖದಲ್ಲೇ ಸಿಕ್ಕಿಕೊಂಡಿತು. ಗಿಣಿ ಕೈ ಚಾಚಲಿಲ್ಲ. ಹೆಗಲ ಮೇಲಿಂದ ನನ್ನನ್ನೇ ನೋಡಿದಳು. ಸ್ಪೀಕರ್ ಆರಿಸಿ ಕಿವಿಗಿಟ್ಟುಕೊಂಡೆ.

"ಹುಷಾರಿದ್ದೀಯಾ ಪುಟ್ಟಾ?"

ಫೋನಿನಲ್ಲಿ ನಮ್ಮಿಬ್ಬರ ದನಿ ಒಂದೇ. ಅಮ್ಮನೇ ಎಷ್ಟೋ ಸಲ ಮೋಸ ಹೋಗಿದ್ದಾಳೆ. "ಹೂಂ" ಎಂದರೆ ಮುಗಿಯುತ್ತಿತ್ತು. ಗಿಣಿ ಬೇಡ ಬೇಡವೆಂದು ತಲೆಯಾಡಿಸುತ್ತಿದ್ದಳು.

"ನಾನು ಅವಳಲ್ಲ ಮೇಡಂ. ಅವಳ ಅಕ್ಕ. ಮೊದಲ ದಿನದಿಂದ ಬರ್ದಿದ್ದೆಲ್ಲ ನಾನೇ. ಅವಳಿಗೆ ಹುಷಾರಿಲ್ಲ. ಬೆಳಿಗ್ಗೆ ವಾಚು ಬಿಚ್ಚಿ ಕೊಟ್ಬಿಟ್ಲು. ನಂಗೆ ಭಯ ಆಗ್ತಿದೆ."

ಆ ಕಡೆ ಕುರ್ಚಿ ಸರಿದ ಸದ್ದು. "ಈಗ ಎಲ್ಲಿದ್ದಾಳೆ?"

"ನನ್ನೆದುರಿಗೇ ಇದ್ದಾಳೆ."

"ಒಂದು ಕ್ಷಣಾನೂ ಒಬ್ಬಳನ್ನೇ ಬಿಡಬೇಡ. ಯಾರೂ ಬೈಬೇಡಿ. ಡಾಕ್ಟರನ್ನ ಕರ್ಕೊಂಡು ಇಪ್ಪತ್ತು ನಿಮಿಷದಲ್ಲಿ ಬರ್ತೀನಿ."

ಫೋನ್ ಇಟ್ಟೆ. ಅಮ್ಮ ಒಮ್ಮೆ ನನ್ನನ್ನು, ಒಮ್ಮೆ ಗಿಣಿಯನ್ನು ನೋಡಿದಳು.

"ಕಾಲೇಜಿಗೆ ಹೋಗ್ತಿರ್ಲಿಲ್ವಾ? ದಿನಾ ಡಬ್ಬಿ ಕಟ್ಟಿ ಕಳಿಸ್ತಿದ್ನಲ್ಲೇ. ಎಲ್ಲಿಗೆ ಹೋಗ್ತಿದ್ದೆ?"

"ಬಸ್ ಸ್ಟ್ಯಾಂಡಿಗೆ," ಎಂದಳು ಗಿಣಿ. "ಸಂಜೆ ತನಕ ಅಲ್ಲೇ ಕೂತಿರ್ತಿದ್ದೆ."

ಅಮ್ಮ ನನ್ನ ಕಡೆ ತಿರುಗಿದಳು. "ನಿಂಗೆ ಗೊತ್ತಿತ್ತಾ?"

"ಬಸ್ ಸ್ಟ್ಯಾಂಡ್ ಗೊತ್ತಿರ್ಲಿಲ್ಲ. ಹೋಗ್ತಿಲ್ಲ ಅನ್ನೋದು..." ಕಲೆಯಿಲ್ಲದ ಕೋಟಿನ ಕಡೆ ನೋಡಿದೆ.

"ಚೆನ್ನಾಗಿ ಬರೀತಿದ್ದೆ ಅಕ್ಕ," ಎಂದಳು ಗಿಣಿ. "ಅಲ್ಲಿ ಕೂತು ನಾನೂ ಓದ್ತಿದ್ದೆ. ನನ್ನ ಹೆಸರಿಟ್ಕೊಂಡು ಇವಳ್ಯಾರೋ ಎಷ್ಟು ಸುಖವಾಗಿದ್ದಾಳಲ್ಲ ಅಂತ ಹೊಟ್ಟೆ ಉರೀತಿತ್ತು."

ಮತ್ತೆ ಗೋಡೆಗೆ ಮುಖ ಮಾಡಿದಳು. ಅಮ್ಮ ಬೈಯಲು ಬಾಯಿ ತೆರೆದವಳು, ನಾನು ಕೈಯೆತ್ತಿದ್ದು ಕಂಡು, ಹೆಗಲ ಚೀಲ ಸಮೇತ ಹೊಸ್ತಿಲಲ್ಲೇ ಕುಸಿದು ಕೂತಳು. ಹೊರಗೆ ಯಾವುದೋ ವಾಹನ ನಿಧಾನಿಸಿ, ಮುಂದೆ ಹೋಯಿತು. ಅವರಾಗಿರಲಿಲ್ಲ.

ನಾನು ಮಂಚದ ಹತ್ತಿರ ಹೋದೆ. ಗಿಣಿ ಅಡ್ಡಡ್ಡಲಾಗಿ ಮಲಗಿದ್ದಳು, ಕೂರಲು ಅಂಚೂ ಇರಲಿಲ್ಲ.

"ಸ್ವಲ್ಪ ಆ ಕಡೆ ಜರುಗು ಗಿಣಿ," ಎಂದೆ. "ನಾನೂ ಕೂತ್ಕೋತೀನಿ."